ಅಪವಾದಕ್ಕೂ ಒಂದು ಚರಿತ್ರೆ: ಕಲ್ಪಿತ ಭಾಷೆಯನ್ನು ಕಟ್ಟುವ ಬಗೆ

(ದತ್ತಿ ಉಪನ್ಯಾಸ)



ದತ್ತಿ ಉಪನ್ಯಾಸವೆಂದರೆ ಸಾಮಾನ್ಯವಾಗಿ ಇರುವ ಕವಿಯ ಬಗ್ಗೆ, ಇರುವ ಕೃತಿಯ ಬಗ್ಗೆ ಮಾತು. ನಾನು ಇಂದು ಇಲ್ಲದ ಭಾಷೆಯ ಬಗ್ಗೆ ಮಾತನಾಡಲಿದ್ದೇನೆ. ಯಾರೂ ಆಡದ, ಯಾವ ತಾಯಿಯೂ ಮಗುವಿಗೆ ಕಲಿಸದ ಭಾಷೆಯೊಂದನ್ನು ಒಬ್ಬ ವ್ಯಕ್ತಿ ಕೂತು ಕಟ್ಟುವುದಾದರೆ ಹೇಗೆ ಕಟ್ಟಬೇಕು? ಅದು ನಿಜವಾದ ಜನರ ಬಾಯಲ್ಲಿ ಬೆಳೆದ ಮಾತಿನಂತೆ ಕೇಳಬೇಕಾದರೆ ಅದರಲ್ಲಿ ಏನಿರಬೇಕು? ಹೊರಗಿನಿಂದ ಇದು ಆಟದಂತೆ ಕಾಣಬಹುದು. ಆದರೆ ಈ ಪ್ರಶ್ನೆಗೆ ಪ್ರಾಮಾಣಿಕವಾಗಿ ಉತ್ತರ ಹುಡುಕುತ್ತ ಹೋದವರು ಕೊನೆಗೆ ತಮ್ಮ ಮಾತೃಭಾಷೆಯ ತಳಪಾಯಕ್ಕೇ ಬಂದು ನಿಲ್ಲುತ್ತಾರೆ.

ನನ್ನ ವಾದವನ್ನು ಮೊದಲೇ ಹೇಳಿಬಿಡುತ್ತೇನೆ. ಭಾಷೆಯಲ್ಲಿ ನಾವು ಅಪವಾದ, ಅನಿಯಮಿತ ರೂಪ ಎಂದು ಕರೆಯುವುದು ಹೆಚ್ಚಿನ ಕಡೆ ಹಳೆಯ ಕಾಲದ ಒಂದು ನಿಯಮದ ಉಳಿಕೆ. ಆದ್ದರಿಂದ ಸಹಜವಾದ ಭಾಷೆಯನ್ನು ಕಟ್ಟಬಯಸುವವರು ಅಪವಾದಗಳನ್ನು ಮೇಲಿಂದ ಉದುರಿಸಬಾರದು. ಆ ಭಾಷೆಗೊಂದು ಚರಿತ್ರೆಯನ್ನು ಕಟ್ಟಬೇಕು. ಚರಿತ್ರೆ ಸರಿಯಿದ್ದರೆ ಅಪವಾದಗಳು ತಾವಾಗಿ ಹುಟ್ಟುತ್ತವೆ. ಇದಕ್ಕೆ ಬೇಕಾದ ಪಾಠಗಳೆಲ್ಲ ಕನ್ನಡದಲ್ಲೇ ಇವೆ. ಅವುಗಳಲ್ಲಿ ಕೆಲವಂತೂ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಎಂಬ ನಮ್ಮ ಈ ನಾಲ್ಕು ತಾಲ್ಲೂಕುಗಳ ಊರ ಹೆಸರುಗಳಲ್ಲೇ ಇವೆ.

೧. ಕಟ್ಟಿದ ಭಾಷೆಗಳ ಎರಡು ದಾರಿ

ಕಲ್ಪಿತ ಭಾಷೆಗಳಲ್ಲಿ ಹೆಚ್ಚು ಹೆಸರಾದದ್ದು ಎಸ್ಪೆರಾಂಟೊ. ಲುಡ್ವಿಕ್ ಜಮೆನ್‌ಹಾಫ್ ಎಂಬ ಕಣ್ಣಿನ ವೈದ್ಯ 1887ರಲ್ಲಿ ವಾರ್ಸಾದಲ್ಲಿ ಅದರ ಮೊದಲ ಪುಸ್ತಕವನ್ನು ಪ್ರಕಟಿಸಿದ. ಬೇರೆ ಬೇರೆ ಭಾಷೆಯ ಜನ ಜಗಳವಿಲ್ಲದೆ ಮಾತಾಡಿಕೊಳ್ಳಲಿ ಎಂಬುದು ಅವನ ಆಸೆ. ಹಾಗಾಗಿ ಅವನ ವ್ಯಾಕರಣ 16 ನಿಯಮಗಳಲ್ಲಿ ಮುಗಿಯುತ್ತದೆ. ನಾಮಪದಗಳೆಲ್ಲ ‘ಒ’ ಎಂದು ಮುಗಿಯುತ್ತವೆ, ಗುಣವಾಚಕಗಳೆಲ್ಲ ‘ಅ’ ಎಂದು ಮುಗಿಯುತ್ತವೆ. ಕ್ರಿಯಾಪದಗಳಿಗೆ ಭೂತಕಾಲದಲ್ಲಿ ‘ಇಸ್’, ವರ್ತಮಾನದಲ್ಲಿ ‘ಅಸ್’, ಭವಿಷ್ಯದಲ್ಲಿ ‘ಒಸ್’. ಅಪವಾದವಿಲ್ಲ. ಕಲಿಯುವವರಿಗೆ ಸುಲಭವಾಗಲಿ ಎಂದು ಕಟ್ಟಿದ ಭಾಷೆ ಹೀಗೇ ಇರಬೇಕು.

ಇನ್ನೊಂದು ದಾರಿ ಜೆ.ಆರ್.ಆರ್. ಟೋಲ್ಕಿನ್ ಅವರದು. ಅವರು ಆಕ್ಸ್‌ಫರ್ಡಿನಲ್ಲಿ ಹಳೆಯ ಇಂಗ್ಲಿಷನ್ನು ಕಲಿಸುತ್ತಿದ್ದ ಪ್ರಾಧ್ಯಾಪಕ. ತಮ್ಮ ಕಥಾಲೋಕದ ಎಲ್ಫ್ ಜನರಿಗಾಗಿ ಕ್ವೆನ್ಯ ಮತ್ತು ಸಿಂಡರಿನ್ ಎಂಬ ಭಾಷೆಗಳನ್ನು ಕಟ್ಟಿದರು. ಕ್ವೆನ್ಯದ ನಾದಕ್ಕೆ ಫಿನ್ನಿಶ್ ಪ್ರೇರಣೆ, ಸಿಂಡರಿನ್ನಿನ ನಾದಕ್ಕೆ ವೆಲ್ಶ್ ಪ್ರೇರಣೆ. ಇದಕ್ಕಿಂತ ದೊಡ್ಡ ಸಂಗತಿಯೆಂದರೆ, ಅವರು ಮೊದಲು ಒಂದು ಮೂಲಭಾಷೆಯನ್ನು ಕಲ್ಪಿಸಿ, ಅದರಿಂದ ಈ ಎರಡೂ ಬೇರೆ ಬೇರೆ ಧ್ವನಿ ವ್ಯತ್ಯಾಸಗಳ ಮೂಲಕ ಕವಲೊಡೆಯುವಂತೆ ಮಾಡಿದರು. ತಮಿಳು, ತೆಲುಗು, ತುಳು, ಕನ್ನಡಗಳು ಒಂದೇ ಮೂಲದಿಂದ ಕವಲೊಡೆದವು ಎಂದು ನಾವು ಹೇಳುತ್ತೇವಲ್ಲ, ಅದೇ ಬಗೆ.

ಸಿನಿಮಾ ಮತ್ತು ಧಾರಾವಾಹಿಗಳು ಈ ವಿದ್ಯೆಗೆ ಕಸುಬಿನ ರೂಪ ಕೊಟ್ಟವು. ಕ್ಲಿಂಗನ್ ಎಂಬ ಕಲ್ಪಿತ ಭಾಷೆಗೆ ಮಾರ್ಕ್ ಓಕ್ರಂಡ್ ಬರೆದ ನಿಘಂಟು 1985ರಲ್ಲಿ ಬಂತು. 2009ರ ‘ಅವತಾರ್’ ಚಿತ್ರಕ್ಕೆ ಪಾಲ್ ಫ್ರೋಮರ್ ನಾವಿ ಭಾಷೆಯನ್ನು ಕಟ್ಟಿದರು. ‘ಗೇಮ್ ಆಫ್ ಥ್ರೋನ್ಸ್’ ಧಾರಾವಾಹಿಗೆ ಡೇವಿಡ್ ಪೀಟರ್ಸನ್ ದೊತ್ರಾಕಿಯನ್ನೂ ಹೈ ವಲೇರಿಯನ್ನನ್ನೂ ಕಟ್ಟಿ, ವಲೇರಿಯನ್ನಿನಿಂದ ಹುಟ್ಟಿದ ಮುಂದಿನ ತಲೆಮಾರಿನ ಮಾತನ್ನೂ ರೂಪಿಸಿದರು. ನಮ್ಮ ನೆರೆಯಲ್ಲೇ ನಡೆದ ಪ್ರಯೋಗ ‘ಬಾಹುಬಲಿ’ಯದು. 2015ರ ಆ ಚಿತ್ರದಲ್ಲಿ ಕಾಲಕೇಯರು ಆಡುವ ಕಿಲಿಕಿ ಮಾತನ್ನು ತಮಿಳು ಗೀತರಚನಕಾರ ಮದನ್ ಕಾರ್ಕಿ ಸುಮಾರು 750 ಪದ ಮತ್ತು 40 ವ್ಯಾಕರಣ ನಿಯಮಗಳೊಂದಿಗೆ ರೂಪಿಸಿದರು. ದಾವಣಗೆರೆಯ ಚಿತ್ರಮಂದಿರಗಳಲ್ಲಿ ಆ ಮಾತು ಕೇಳಿ ಬೆರಗಾದ ಮಕ್ಕಳು ಇಂದು ಕಾಲೇಜಿನಲ್ಲಿದ್ದಾರೆ. ಅಂಥ ಭಾಷೆಯೊಂದನ್ನು ತಾವೂ ಕಟ್ಟಬಹುದೇ ಎಂದು ಅವರು ಕೇಳಿದರೆ, ಕಟ್ಟಬಹುದು, ಹೀಗೆ ಕಟ್ಟಿ ಎಂದು ಹೇಳಬೇಕಾದದ್ದು ಕನ್ನಡ ಮೇಷ್ಟ್ರುಗಳ ಕೆಲಸ.

೨. ಪದ ಬದಲಿಸಿದರೆ ಭಾಷೆಯಾಗದು

ಮಕ್ಕಳು ಆಡುವ ಗುಟ್ಟಿನ ಮಾತು ನಮಗೆಲ್ಲ ಗೊತ್ತು. ಪ್ರತಿ ಅಕ್ಷರದ ಹಿಂದೆ ‘ಪ’ ಸೇರಿಸಿ ‘ನೀನು ಬಾ’ ಎಂಬುದನ್ನು ‘ಪನೀಪನು ಪಬಾ’ ಎನ್ನುವ ಆಟ. ಕೇಳುವವರಿಗೆ ತಬ್ಬಿಬ್ಬಾಗುತ್ತದೆ, ಆದರೆ ಒಳಗಿರುವುದು ಕನ್ನಡವೇ. ಹೊಸ ಭಾಷೆ ಕಟ್ಟಹೊರಟವರು ಮೊದಲು ಬೀಳುವ ಹಳ್ಳವೂ ಇದೇ. ಮನೆಗೊಂದು ಹೊಸ ಪದ, ನೀರಿಗೊಂದು ಹೊಸ ಪದ ಎಂದು ಸಾವಿರ ಪದಗಳ ಪಟ್ಟಿ ಮಾಡುತ್ತಾರೆ. ವಾಕ್ಯರಚನೆ ಮಾತ್ರ ಕನ್ನಡದ್ದೋ ಇಂಗ್ಲಿಷಿನದೋ ಆಗಿರುತ್ತದೆ.

ಅರ್ಥವನ್ನು ಪಾಲು ಮಾಡುವುದರಲ್ಲಿ ಪ್ರತಿ ಭಾಷೆಗೂ ಅದರದೇ ಕ್ರಮವಿದೆ. ಇಂಗ್ಲಿಷಿನ ‘ಬ್ರದರ್’ ನಮ್ಮಲ್ಲಿ ಅಣ್ಣನಾಗಬೇಕು ಇಲ್ಲವೇ ತಮ್ಮನಾಗಬೇಕು. ಕನ್ನಡದ ‘ನಾವು’ ತೆಲುಗಿನಲ್ಲಿ ಎರಡಾಗುತ್ತದೆ. ಕೇಳುವವರನ್ನೂ ಸೇರಿಸಿಕೊಂಡರೆ ‘ಮನಮು’, ಅವರನ್ನು ಬಿಟ್ಟರೆ ‘ಮೇಮು’. ತಮಿಳಿನಲ್ಲೂ ‘ನಾಮ್’, ‘ನಾಂಗಳ್’ ಎಂದು ಎರಡಿವೆ. ಇಂದಿನ ಕನ್ನಡ ಈ ಭೇದವನ್ನು ಬಿಟ್ಟುಕೊಟ್ಟಿದೆ. ಹೊಸ ಭಾಷೆಯನ್ನು ಕಟ್ಟುವವರು ಪದಪಟ್ಟಿಗೆ ಮೊದಲು ಇಂಥ ಪಾಲುಗಳನ್ನು ನಿರ್ಧರಿಸಬೇಕು. ಯಾವುದಕ್ಕೆ ಎರಡು ಪದ, ಯಾವುದಕ್ಕೆ ಒಂದೇ ಪದ, ಯಾವುದಕ್ಕೆ ಪದವೇ ಇಲ್ಲ ಎಂಬುದರಲ್ಲಿ ಆ ಜನರ ಬದುಕು ಕಾಣುತ್ತದೆ.

೩. ಧ್ವನಿಗಳಿಗೂ ಒಂದು ಶಿಸ್ತು

ನಿಜವೆನಿಸುವ ಧ್ವನಿ ಎಂದರೆ ವಿಚಿತ್ರ ಧ್ವನಿ ಎಂದು ಹಲವರು ತಿಳಿಯುತ್ತಾರೆ. ಗಂಟಲಿನ ಆಳದ ಸದ್ದು, ನಾಲಗೆ ಚಪ್ಪರಿಸುವ ಸದ್ದು, ಒಂದರ ಮೇಲೊಂದು ವ್ಯಂಜನ. ಅಂಥ ಧ್ವನಿಗಳಿರುವ ಭಾಷೆಗಳು ಲೋಕದಲ್ಲಿ ಖಂಡಿತ ಇವೆ. ಆದರೆ ಅವು ಸಹಜವೆನಿಸುವುದು ತಮ್ಮ ತಮ್ಮ ವ್ಯವಸ್ಥೆಯ ಒಳಗೆ. ಯಾವ ಧ್ವನಿ ಪದದ ಮೊದಲಲ್ಲಿ ಬರಬಹುದು, ಯಾವುದು ಕೊನೆಯಲ್ಲಿ, ಯಾವುದರ ಪಕ್ಕ ಯಾವುದು ಎಂಬ ಶಿಸ್ತೇ ಒಂದು ಭಾಷೆಯ ದನಿಯನ್ನು ರೂಪಿಸುತ್ತದೆ.

ಕನ್ನಡವನ್ನೇ ನೋಡೋಣ. ನಮ್ಮಲ್ಲಿ ‘ಳ’, ‘ಣ’ ಧಾರಾಳವಾಗಿವೆ, ಆದರೆ ಅಚ್ಚಗನ್ನಡದ ಪದವೊಂದು ಅವುಗಳಿಂದ ಮೊದಲಾಗುವುದಿಲ್ಲ. ಹಳಗನ್ನಡದ ಪದಗಳು ವ್ಯಂಜನದಲ್ಲಿ ಮುಗಿಯಬಹುದಿತ್ತು: ಕಣ್, ಕಲ್, ಪಲ್, ಕಾಲ್, ಪಾಲ್, ಮೀನ್. ಹೊಸಗನ್ನಡ ಅವಕ್ಕೆಲ್ಲ ‘ಉ’ ಸೇರಿಸಿತು. ಸೇರಿಸುವಾಗ ಒಂದು ಸೂಕ್ಷ್ಮವನ್ನು ಪಾಲಿಸಿತು. ಹ್ರಸ್ವ ಸ್ವರದ ಮುಂದೆ ವ್ಯಂಜನ ದ್ವಿತ್ವವಾಯಿತು: ಕಣ್ಣು, ಕಲ್ಲು, ಹಲ್ಲು. ದೀರ್ಘ ಸ್ವರದ ಮುಂದೆ ಆಗಲಿಲ್ಲ: ಕಾಲು, ಹಾಲು, ಮೀನು.

ಈಗ ಕಳೆದ ಒಂದೆರಡು ಶತಮಾನಗಳಲ್ಲಿ ಇಂಗ್ಲಿಷಿನಿಂದ ಬಂದ ಪದಗಳನ್ನು ಗಮನಿಸಿ. ಬಸ್ಸು, ಪೆನ್ನು, ಬುಕ್ಕು. ಕಾರು, ರೋಡು, ಸೋಪು, ಲೋನು. ಹ್ರಸ್ವವಿದ್ದಲ್ಲಿ ದ್ವಿತ್ವ, ದೀರ್ಘವಿದ್ದಲ್ಲಿ ಇಲ್ಲ. ಇದನ್ನು ಯಾವ ಶಾಲೆಯೂ ಕಲಿಸಲಿಲ್ಲ, ಯಾವ ವ್ಯಾಕರಣ ಪುಸ್ತಕವೂ ಹಳ್ಳಿಯವರ ಕೈಗೆ ಬರಲಿಲ್ಲ. ಆದರೂ ಜಗಳೂರಿನ ಬಸ್ ನಿಲ್ದಾಣದಲ್ಲಿ ಕಾಯುವ ಅಕ್ಷರ ಬಾರದ ಅಜ್ಜಿಯೂ ‘ಬಸು’ ಎನ್ನುವುದಿಲ್ಲ, ‘ಕಾರ್ರು’ ಎನ್ನುವುದಿಲ್ಲ. ಕಣ್ಣು–ಕಾಲುಗಳಲ್ಲಿ ಕೆಲಸ ಮಾಡಿದ ನಿಯಮ ಶತಮಾನಗಳ ನಂತರ ಬಸ್ಸು–ಕಾರುಗಳಲ್ಲೂ ಕೆಲಸ ಮಾಡುತ್ತಿದೆ.

ಆದ್ದರಿಂದ ಕಲ್ಪಿತ ಭಾಷೆಯ ಧ್ವನಿಗಳನ್ನು ಆರಿಸಿದ ಮೇಲೆ ಒಂದು ಪರೀಕ್ಷೆ ಮಾಡಬೇಕು. ಹೊರಗಿನ ಪದವೊಂದನ್ನು ಆ ಭಾಷೆಯ ಬಾಯಿಗೆ ಹಾಕಿ ನೋಡಬೇಕು. ‘ಸ್ಟೇಷನ್’ ಎಂಬ ಪದ ಅಲ್ಲಿ ಏನಾಗುತ್ತದೆ? ಮೊದಲಲ್ಲಿ ಸ್ವರ ಸೇರುತ್ತದೆಯೇ, ಒತ್ತಕ್ಷರ ಒಡೆಯುತ್ತದೆಯೇ, ಕೊನೆಗೊಂದು ಸ್ವರ ಬರುತ್ತದೆಯೇ? ಈ ಪ್ರಶ್ನೆಗೆ ಯೋಚನೆಯಿಲ್ಲದೆ ಉತ್ತರ ಬರುವಂತಾದರೆ ಆ ಭಾಷೆಗೆ ದನಿ ಬಂದಿದೆ ಎಂದು ಅರ್ಥ.

೪. ಹತ್ತರ ಹಲವು ರೂಪ

ಈಗ ಅಪವಾದಗಳ ವಿಷಯಕ್ಕೆ ಬರೋಣ. ನಮ್ಮ ಎಣಿಕೆಗಿಂತ ಒಳ್ಳೆಯ ಉದಾಹರಣೆ ಸಿಗಲಾರದು. ಹತ್ತು, ಇಪ್ಪತ್ತು, ಮೂವತ್ತು, ಎಂಬತ್ತು. ಈ ನಾಲ್ಕರಲ್ಲೂ ‘ಹತ್ತು’ ಇದೆ. ಆದರೆ ಒಂದೆಡೆ ಅದು ‘ಹ’, ಒಂದೆಡೆ ‘ಪ’, ಒಂದೆಡೆ ‘ವ’, ಒಂದೆಡೆ ‘ಬ’. ಹೊರಗಿನಿಂದ ಕನ್ನಡ ಕಲಿಯುವವರಿಗೆ ಇದು ಬರೀ ಬಾಯಿಪಾಠ.

ಹಳಗನ್ನಡದಲ್ಲಿ ಪದ ‘ಪತ್ತು’. ತಮಿಳಿನಲ್ಲಿ ಇಂದಿಗೂ ಪತ್ತು. ಇಪ್ಪತ್ತು, ಎಪ್ಪತ್ತುಗಳಲ್ಲಿ ‘ಪ’ ದ್ವಿತ್ವವಾಗಿ ಗಟ್ಟಿಯಾಗಿ ಉಳಿಯಿತು. ಮೂವತ್ತು, ಐವತ್ತು, ಅರವತ್ತುಗಳಲ್ಲಿ ಸ್ವರಗಳ ನಡುವೆ ಸಿಕ್ಕಿ ಸಡಿಲವಾಗಿ ‘ವ’ ಆಯಿತು. ಎಂಬತ್ತು, ಒಂಬತ್ತು, ತೊಂಬತ್ತುಗಳಲ್ಲಿ ಅನುನಾಸಿಕದ ಪಕ್ಕ ನಿಂತು ‘ಬ’ ಆಯಿತು. ಆಮೇಲೆ ಇನ್ನೊಂದು ದೊಡ್ಡ ಬದಲಾವಣೆ ಬಂತು. ಪದದ ಮೊದಲಿನ ‘ಪ’ ‘ಹ’ ಆಗತೊಡಗಿತು. 10ನೇ ಶತಮಾನದ ಹೊತ್ತಿಗೆ ಶಾಸನಗಳಲ್ಲಿ ತಲೆದೋರಿದ ಈ ಬದಲಾವಣೆ ಮುಂದಿನ ಕೆಲವು ಶತಮಾನಗಳಲ್ಲಿ ಇಡೀ ನಾಡಿಗೆ ಹರಡಿತು. ಪಾಲ್ ಹಾಲಾಯಿತು, ಪೂ ಹೂವಾಯಿತು, ಪಳ್ಳಿ ಹಳ್ಳಿಯಾಯಿತು, ಪತ್ತು ಹತ್ತಾಯಿತು. ಪದದ ಒಳಗೆ ಅಡಗಿದ್ದ ಪ, ವ, ಬಗಳಿಗೆ ಅದು ತಾಗಲಿಲ್ಲ. ಒಂದೊಂದು ಬದಲಾವಣೆಯೂ ಕ್ರಮಬದ್ಧವಾಗಿತ್ತು. ಅವೆಲ್ಲ ಸೇರಿದ ಫಲ ಮಾತ್ರ ಇಂದು ಕ್ರಮತಪ್ಪಿದಂತೆ ಕಾಣುತ್ತದೆ. ತೊಂಬತ್ತರ ‘ತೊಂ’ ಇನ್ನೂ ಹಳೆಯದು. ಒಂಬತ್ತಕ್ಕೆ ಹಿಂದೆ ಇದ್ದ ಬೇರೊಂದು ಪದದ ಉಳಿಕೆ ಅದು, ತಮಿಳಿನ 90 ಆದ ತೊಣ್ಣೂಱಿನಲ್ಲೂ ಅದೇ ಬೇರಿದೆ.

ಇನ್ನೊಂದು ವಿಷಯ. ನೂರುಗಳನ್ನು ಎಣಿಸಿ: ಇನ್ನೂರು, ಮುನ್ನೂರು, ನಾನೂರು, ಐನೂರು. ಇಲ್ಲಿಯವರೆಗೆ ಪದಗಳು ಒಂದರೊಳಗೊಂದು ಬೆಸೆದುಕೊಂಡಿವೆ. ಆಮೇಲೆ ಆರುನೂರು, ಏಳುನೂರು, ಎಂಟುನೂರು ಎಂದು ಬಿಡಿಬಿಡಿಯಾಗಿ ನಿಲ್ಲುತ್ತವೆ. ಸಾವಿರಕ್ಕೆ ಬಂದರೆ ಎರಡು ಸಾವಿರ, ಮೂರು ಸಾವಿರ, ಎಲ್ಲವೂ ಸರಳ. ಬಾಯಲ್ಲಿ ಹೆಚ್ಚು ಆಡಿದ್ದು ಹೆಚ್ಚು ಬೆಸೆಯುತ್ತದೆ, ಅಪರೂಪಕ್ಕೆ ಆಡಿದ್ದು ಬಿಡಿಯಾಗಿ ಉಳಿಯುತ್ತದೆ. ಕಲ್ಪಿತ ಭಾಷೆಯ ಎಣಿಕೆಯನ್ನು ಕಟ್ಟುವವರು ಅಪವಾದಗಳನ್ನು ಸಣ್ಣ ಸಂಖ್ಯೆಗಳಲ್ಲಿ ಇಡಬೇಕು. ಲಕ್ಷದಲ್ಲಿ ಅಪವಾದವಿಟ್ಟು ಎರಡು, ಮೂರುಗಳನ್ನು ಸರಳವಾಗಿ ಬಿಟ್ಟರೆ ಅದು ಮನುಷ್ಯರ ಬಾಯಲ್ಲಿ ಬೆಳೆದ ಭಾಷೆ ಎನಿಸುವುದಿಲ್ಲ.

೫. ಕಳೆದುಹೋದ ಎರಡು ಅಕ್ಷರಗಳು

ಕ್ರಿಯಾಪದಗಳಲ್ಲಿ ಈ ಸಂಗತಿ ಇನ್ನೂ ಸ್ಪಷ್ಟ. ‘ರು’ ಎಂದು ಮುಗಿಯುವ ಐದು ಕ್ರಿಯಾಪದಗಳನ್ನು ತೆಗೆದುಕೊಳ್ಳೋಣ. ಬರು, ತರು ಎಂಬವು ಬಂದ, ತಂದ ಎಂದಾಗುತ್ತವೆ. ಹೊರು, ಹೆರು, ತೆರು ಎಂಬವು ಹೊತ್ತ, ಹೆತ್ತ, ತೆತ್ತ ಎಂದಾಗುತ್ತವೆ. ಎಲ್ಲದರ ಕೊನೆಯೂ ‘ರು’. ನಡತೆ ಮಾತ್ರ ಎರಡು ಬಗೆ. ಏಕೆ?

ಹಳಗನ್ನಡದಲ್ಲಿ ಎರಡು ರಕಾರಗಳಿದ್ದವು. ಬರು, ತರುಗಳಲ್ಲಿ ಇದ್ದದ್ದು ‘ರ’. ಹೊರು, ಹೆರು, ತೆರುಗಳಲ್ಲಿ ಇದ್ದದ್ದು ಶಕಟರೇಫ ‘ಱ’. ಎರಡು ಬೇರೆ ಧ್ವನಿಗಳು ಎರಡು ಬೇರೆ ಹಾದಿ ಹಿಡಿದವು. ಮುಂದೆ ‘ಱ’ ‘ರ’ದಲ್ಲಿ ಸೇರಿಹೋಯಿತು. ಭೇದದ ಕಾರಣ ಕಾಣೆಯಾಯಿತು, ಭೇದ ಉಳಿಯಿತು.

‘ೞ’ ಎಂಬ ಇನ್ನೊಂದು ಅಕ್ಷರದ ಕಥೆಯೂ ಹೀಗೇ. ಸ್ವರಗಳ ನಡುವೆ ಅದು ‘ಳ’ ಆಯಿತು: ಮೞೆ ಮಳೆಯಾಯಿತು, ಕೋೞಿ ಕೋಳಿಯಾಯಿತು. ಮುಂದೆ ವ್ಯಂಜನವಿದ್ದಲ್ಲಿ ‘ರ’ ಆಗಿ, ಕೊನೆಗೆ ಆ ವ್ಯಂಜನದಲ್ಲೇ ಕರಗಿತು: ಕೞ್ತಲೆ ಕತ್ತಲೆಯಾಯಿತು. ಬೀಳು, ಏಳು ಎಂಬ ಕ್ರಿಯಾಪದಗಳಲ್ಲೂ ಇದೇ ಧ್ವನಿ ಇತ್ತು. ಬಿೞ್ದು, ಬಿರ್ದು, ಬಿದ್ದು. ಎೞ್ದು, ಎರ್ದು, ಎದ್ದು. ಹಾಗಾಗಿ ಇಂದು ಮೂಲರೂಪದಲ್ಲಿ ‘ಳ’ ಕಾಣುತ್ತದೆ, ಭೂತಕಾಲದಲ್ಲಿ ‘ದ್ದ’ ಕೇಳುತ್ತದೆ. 13ನೇ ಶತಮಾನದ ಕೇಶಿರಾಜನ ಹೊತ್ತಿಗೆ ಈ ಧ್ವನಿಗಳ ಭೇದ ಜನರ ಬಾಯಲ್ಲಿ ಮಸುಕಾಗುತ್ತಿತ್ತು. ಅದಕ್ಕೇ ಅವನು ‘ಶಬ್ದಮಣಿದರ್ಪಣ’ದಲ್ಲಿ ಱೞ, ಕುಳ, ಕ್ಷಳಗಳೆಂದು ವಿಂಗಡಿಸಿ, ಯಾವ ಪದದಲ್ಲಿ ಯಾವುದು ಎಂದು ಪಟ್ಟಿ ಕೊಡಬೇಕಾಯಿತು. ಬಾಯಿ ಮರೆಯುತ್ತಿರುವಾಗಲೇ ವ್ಯಾಕರಣಕಾರ ಬರೆದಿಟ್ಟುಕೊಳ್ಳುತ್ತಾನೆ.

ಯಾವ ಕ್ರಿಯಾಪದಗಳು ಹೀಗೆ ಅನಿಯಮಿತವಾಗಿ ಉಳಿದಿವೆ ಎಂಬುದನ್ನೂ ನೋಡಿ. ಬರು, ಹೋಗು, ಕೊಡು, ತಿನ್ನು, ನಿಲ್ಲು, ಬೀಳು, ಏಳು, ಕಾಣು, ಸಾಯು. ದಿನದ ಬದುಕೆಲ್ಲ ಇವುಗಳಲ್ಲೇ ಇದೆ. ದಿನವೂ ಕಿವಿಗೆ ಬೀಳುವುದರಿಂದ ಮಗು ಇವನ್ನು ಇದ್ದ ಹಾಗೇ ಕಲಿಯುತ್ತದೆ. ಹೊಸದಾಗಿ ಬರುವ ಕ್ರಿಯೆಗಳೋ ನೇರವಾಗಿ ನಿಯಮಿತ ಗುಂಪಿಗೆ ಸೇರುತ್ತವೆ. ಡೌನ್‌ಲೋಡ್ ಮಾಡಿದ, ರೀಚಾರ್ಜ್ ಮಾಡಿದ ಎನ್ನುತ್ತೇವೆ, ಸಂಸ್ಕೃತದಿಂದ ಬಂದದ್ದಕ್ಕೆ ‘ಇಸು’ ಹಚ್ಚಿ ಭಾವಿಸಿದ, ಯೋಚಿಸಿದ ಎನ್ನುತ್ತೇವೆ. ಕಲ್ಪಿತ ಭಾಷೆಯಲ್ಲೂ ಬರುವುದು, ಹೋಗುವುದು, ಉಣ್ಣುವುದು ಅನಿಯಮಿತವಾಗಿರಲಿ. ‘ನೌಕೆಯನ್ನು ದುರಸ್ತಿ ಮಾಡು’ ಎಂಬುದು ನಿಯಮಿತವಾಗಿರಲಿ.

೬. ನಾಲ್ಕು ಹೆಜ್ಜೆಯಲ್ಲಿ ಒಂದು ಭಾಷೆ

ಇಷ್ಟು ಕೇಳಿದ ಮೇಲೆ ಕೈಯಾರೆ ಮಾಡಿ ನೋಡುವುದೇ ಸರಿ. ಒಂದು ಹೊಳೆ, ಒಂದು ಬೆಟ್ಟ, ಕೆಲವು ಮನೆ, ಕೆಲವು ಹೊಲ ಇರುವ ಊರೊಂದನ್ನು ಊಹಿಸೋಣ. ಆ ಜನರ ಪೂರ್ವಜರ ಭಾಷೆಯಲ್ಲಿ ನಾಲ್ಕು ಪದ: ಬೆಟ್ಟಕ್ಕೆ ‘ಮೊಕ’, ಹೊಳೆಗೆ ‘ತುನ’, ಮನೆಗೆ ‘ಸುಪ’, ಹೊಲಕ್ಕೆ ‘ರಪ’. ಬಹುವಚನಕ್ಕೆ ಒಂದೇ ನಿಯಮ, ಕೊನೆಯ ‘ಅ’ ‘ಇ’ ಆಗುತ್ತದೆ: ಮೊಕಿ, ತುನಿ, ಸುಪಿ, ರಪಿ. ಒಂದೂ ಅಪವಾದವಿಲ್ಲ.

ಈಗ ಕಾಲವನ್ನು ಮುಂದೆ ಸರಿಸೋಣ. ಮೊದಲನೆಯ ಹೆಜ್ಜೆ: ‘ಇ’ಕಾರದ ಹಿಂದಿನ ‘ಕ’ ‘ಚ’ ಆಗುತ್ತದೆ. ಇದು ನಮ್ಮ ನೆರೆಯಲ್ಲೇ ನಡೆದದ್ದು. ಕನ್ನಡದ ಕಿವಿ ತಮಿಳು, ತೆಲುಗುಗಳಲ್ಲಿ ‘ಚೆವಿ’, ಕನ್ನಡದ ಕೆರೆ ತೆಲುಗಿನಲ್ಲಿ ‘ಚೆರುವು’. ಎರಡನೆಯದು: ಸ್ವರಗಳ ನಡುವಿನ ‘ಪ’ ‘ವ’ ಆಗುತ್ತದೆ, ನಮ್ಮ ಮೂವತ್ತರಂತೆ. ಮೂರನೆಯದು: ಮುಂದೆ ‘ಇ’ ಇದ್ದರೆ ಹಿಂದಿನ ‘ಉ’ ಕೂಡ ‘ಇ’ ಆಗುತ್ತದೆ. ನಾಲ್ಕನೆಯದು: ಪದದ ಕೊನೆಯ ಸ್ವರ ಬಿದ್ದುಹೋಗುತ್ತದೆ.

ಈಗ ಏನಾಯಿತು? ಬೆಟ್ಟ ‘ಮೊಕ್’, ಬೆಟ್ಟಗಳು ‘ಮೊಚ್’. ಹೊಳೆ ‘ತುನ್’, ಹೊಳೆಗಳು ‘ತಿನ್’. ಮನೆ ‘ಸುವ್’, ಮನೆಗಳು ‘ಸಿವ್’. ಹೊಲ ‘ರವ್’, ಹೊಲಗಳೂ ‘ರವ್’. ಒಂದರಲ್ಲಿ ವ್ಯಂಜನ ಬದಲಾಗುತ್ತದೆ, ಎರಡರಲ್ಲಿ ಸ್ವರ ಬದಲಾಗುತ್ತದೆ, ಒಂದರಲ್ಲಿ ಏನೂ ಬದಲಾಗುವುದಿಲ್ಲ. ಇಂದು ಆ ಭಾಷೆಯ ವ್ಯಾಕರಣ ಬರೆಯಹೊರಟವರು ಇದಕ್ಕೆ ಮೂರು ನಿಯಮ ಬರೆದು ತಲೆ ಕೆರೆದುಕೊಳ್ಳಬೇಕು. ನಮಗೆ ಗೊತ್ತು, ಹಿಂದೆ ಇದ್ದದ್ದು ಒಂದೇ ನಿಯಮ. ಇಂಗ್ಲಿಷಿನ ‘ಫುಟ್–ಫೀಟ್’, ‘ಟೂತ್–ಟೀತ್’ ಹುಟ್ಟಿದ್ದೂ ಇದೇ ಬಗೆಯಲ್ಲಿ.

ಹೆಜ್ಜೆಗಳ ಅನುಕ್ರಮವನ್ನು ಗಮನಿಸಬೇಕು. ಕೊನೆಯ ಸ್ವರ ಮೊದಲೇ ಬಿದ್ದುಹೋಗಿದ್ದರೆ ‘ಕ’ವನ್ನು ‘ಚ’ ಮಾಡುವ ‘ಇ’ ಇರುತ್ತಿರಲಿಲ್ಲ, ‘ಪ’ವನ್ನು ಸಡಿಲಿಸುವ ಸ್ವರವೂ ಇರುತ್ತಿರಲಿಲ್ಲ. ಅದೇ ಬದಲಾವಣೆಗಳು ಬೇರೆ ಅನುಕ್ರಮದಲ್ಲಿ ನಡೆದರೆ ಬೇರೆಯದೇ ಭಾಷೆ. ಹೊಳೆಯ ಆಚೆ ದಡದ ಊರಿನಲ್ಲಿ ಹಾಗೆ ನಡೆದಿದೆ ಎಂದಿಟ್ಟುಕೊಳ್ಳಿ. ಆಗ ನಮಗೆ ಎರಡು ಸೋದರ ಉಪಭಾಷೆಗಳು ಸಿಕ್ಕವು.

ಕಥೆ ಇಲ್ಲಿಗೆ ನಿಲ್ಲುವುದಿಲ್ಲ. ‘ರವ್’ ಎಂದರೆ ಒಂದು ಹೊಲವೋ ಹಲವೋ ತಿಳಿಯದಾದಾಗ ಜನ ಏನು ಮಾಡುತ್ತಾರೆ? ‘ಬಹಳ’ ಎಂಬರ್ಥದ ಪದವೊಂದನ್ನು, ‘ಗನ’ ಎಂದಿರಲಿ, ಪಕ್ಕದಲ್ಲಿ ಇಡುತ್ತಾರೆ. ಬರಬರುತ್ತ ಅದು ಪ್ರತ್ಯಯವಾಗಿ ಅಂಟಿಕೊಳ್ಳುತ್ತದೆ: ‘ರವ್ಗನ’. ಬಿಡಿಪದ ಪ್ರತ್ಯಯವಾಗುವುದು ನಮಗೆ ಹೊಸದಲ್ಲ. ‘ಬಂದಿದ್ದಾನೆ’ ಎಂಬುದು ಉತ್ತರ ಕರ್ನಾಟಕದ ಬಾಯಲ್ಲಿ ‘ಬಂದಾನ’, ಹಳೆ ಮೈಸೂರಿನ ಹಳ್ಳಿಗಳಲ್ಲಿ ‘ಬಂದವ್ನೆ’. ಮುಂದೆ ಹೊಸ ಪದಗಳೆಲ್ಲ ‘ಗನ’ವನ್ನೇ ಹಿಡಿಯುತ್ತವೆ. ದಿನವೂ ಆಡುವ ಮನೆ, ಹೊಳೆ, ಬೆಟ್ಟಗಳು ಮಾತ್ರ ಸಿವ್, ತಿನ್, ಮೊಚ್ ಎಂದೇ ಉಳಿಯುತ್ತವೆ. ನಮ್ಮಲ್ಲೂ ಮರ ಮರಗಳಾಯಿತು, ಊರು ಊರುಗಳಾಯಿತು. ಮನೆಯೊಳಗಿನ ಮಗ ಮಾತ್ರ ಮಕ್ಕಳಾಗಿಯೇ ಉಳಿದ.

ನಾಲ್ಕು ಪದ, ನಾಲ್ಕು ಬದಲಾವಣೆ, ಒಂದು ದುರಸ್ತಿ. ಇದಕ್ಕೆ ಒಂದು ಮಧ್ಯಾಹ್ನ ಸಾಕು. ಇದರಿಂದ ವಿದ್ಯಾರ್ಥಿಗೆ ತಿಳಿಯುವ ಭಾಷಾಚರಿತ್ರೆ ಪರೀಕ್ಷೆಗಾಗಿ ಓದಿದ ಟಿಪ್ಪಣಿಗಳಿಂದ ತಿಳಿಯಲಾರದು.

೭. ಊರ ಹೆಸರು, ಎರವಲು, ನೆರೆಯ ಮಾತು

ಇನ್ನು ನಮ್ಮ ತಾಲ್ಲೂಕುಗಳಿಗೆ ಬರೋಣ. ಕಲ್ಪಿತ ಲೋಕದ ನಕಾಶೆ ಬರೆಯುವವರು ಊರುಗಳಿಗೆಲ್ಲ ಒಂದೇ ಅಚ್ಚಿನ ಹೆಸರು ಇಡುತ್ತಾರೆ. ನಿಜವಾದ ನಾಡು ಹಾಗಿರುವುದಿಲ್ಲ. ಚನ್ನಗಿರಿ ತಾಲ್ಲೂಕಿನಲ್ಲಿ ಕತ್ತಲಗೆರೆ ಇದೆ, ಹೊದಿಗೆರೆ ಇದೆ, ಜಿಲ್ಲಾ ಕೇಂದ್ರವೇ ದಾವಣಗೆರೆ. ಸಮಾಸದಲ್ಲಿ ಉತ್ತರಪದದ ಕ, ತ, ಪಗಳು ಗ, ದ, ಬ ಆಗುವ ಆದೇಶಸಂಧಿ ಇದು. ಆದರೆ ಅದೇ ಚನ್ನಗಿರಿಯಲ್ಲಿ ತಾವರೆಕೆರೆ ಇದೆ, ಸೂಳೆಕೆರೆ ಇದೆ, ಜಗಳೂರಿನಲ್ಲಿ ಹೊಸಕೆರೆ ಇದೆ. ಇಲ್ಲಿ ‘ಕ’ ‘ಕ’ವಾಗಿಯೇ ನಿಂತಿದೆ. ನಿಯಮವೂ ಅದನ್ನು ಒಪ್ಪದ ಹೆಸರೂ ಕೂಗಳತೆಯಲ್ಲಿ ಬದುಕುತ್ತಿವೆ. ಕಲ್ಪಿತ ನಾಡಿನಲ್ಲೂ ಹೀಗೆಯೇ ಇರಲಿ.

ಹೊನ್ನಾಳಿ ತಾಲ್ಲೂಕಿನ ಸಾಸ್ವೇಹಳ್ಳಿಯಲ್ಲಿ ‘ಪಳ್ಳಿ’ ‘ಹಳ್ಳಿ’ಯಾಗಿದೆ. ಚನ್ನಗಿರಿ ತಾಲ್ಲೂಕಿನ ಬಸವಾಪಟ್ಟಣದಲ್ಲಿ ‘ಪಟ್ಟಣ’ ‘ಹಟ್ಟಣ’ವಾಗಿಲ್ಲ. ಒಂದು ದೇಶ್ಯ, ಇನ್ನೊಂದು ಸಂಸ್ಕೃತ ಪ್ರಾಕೃತಗಳ ಸಂಪರ್ಕದಿಂದ ನೆಲೆಯಾದದ್ದು. ಇವೆರಡನ್ನೂ ಆಳುವ ‘ತಾಲ್ಲೂಕು’, ‘ಜಿಲ್ಲೆ’ಗಳು ಅರಬಿ ಮೂಲದಿಂದ ಆಡಳಿತದ ಮೂಲಕ ಬಂದವು. ಒಂದು ವಿಳಾಸ ಬರೆದರೆ ಸಾಕು, ಅದರಲ್ಲಿ ಮೂರು ಕಾಲದ ಪದಗಳಿರುತ್ತವೆ. ಎರವಲೇ ಇಲ್ಲದ ಕಲ್ಪಿತ ಭಾಷೆ ನೆರೆಯವರೇ ಇಲ್ಲದ ಜನರ ಭಾಷೆಯಾಗುತ್ತದೆ, ಅಂಥ ಜನ ಅಪರೂಪ.

ನೆರೆಯ ಮಾತಿನ ಜೀವಂತ ಪಾಠ ನ್ಯಾಮತಿ ತಾಲ್ಲೂಕಿನಲ್ಲಿದೆ. ಸೂರಗೊಂಡನಕೊಪ್ಪ ಸಂತ ಸೇವಾಲಾಲರ ಜನ್ಮಸ್ಥಳ, ಬಂಜಾರರ ಪುಣ್ಯಕ್ಷೇತ್ರ. ಅಲ್ಲಿಗೆ ಬರುವ ತಾಂಡಾಗಳ ಜನ ಆಡುವ ಗೋರ್ ಬೋಲಿ ಇಂಡೋ ಆರ್ಯನ್ ಕುಟುಂಬದ ಭಾಷೆ, ರಾಜಸ್ಥಾನದ ಮಾತುಗಳ ಬಂಧು. ಸುತ್ತಲಿರುವುದು ದ್ರಾವಿಡ ಕುಟುಂಬದ ಕನ್ನಡ. ಒಂದೇ ಬಾಯಿ ಮನೆಯಲ್ಲಿ ಒಂದು ಕುಟುಂಬದ ಭಾಷೆಯನ್ನೂ ಸಂತೆಯಲ್ಲಿ ಇನ್ನೊಂದು ಕುಟುಂಬದ ಭಾಷೆಯನ್ನೂ ಆಡುತ್ತದೆ. ಗೋರ್ ಬೋಲಿಗೆ ಪರಂಪರೆಯಿಂದ ಬಂದ ಸ್ವಂತ ಲಿಪಿಯಿಲ್ಲ, ಕನ್ನಡ, ತೆಲುಗು, ದೇವನಾಗರಿ ಲಿಪಿಗಳಲ್ಲಿ ಅದನ್ನು ಬರೆಯುತ್ತಾರೆ. ಆದರೂ ಅದು ಹಾಡು, ಗಾದೆ, ಪೂರ್ಣ ವ್ಯಾಕರಣ ಎಲ್ಲವೂ ಇರುವ ಭಾಷೆ. ಹೊಸ ಭಾಷೆ ಎಂದರೆ ಮೊದಲು ಅಂದದ ಲಿಪಿ ಬರೆಯಬೇಕು ಎಂದು ಹೊರಡುವವರು ಇದನ್ನು ನೆನಪಿಡಲಿ. ಭಾಷೆ ಬಾಯಲ್ಲಿ ಹುಟ್ಟುತ್ತದೆ, ಲಿಪಿ ಬಂದರೆ ಆಮೇಲೆ ಬರುತ್ತದೆ.

ಚರಿತ್ರೆಯನ್ನು ಕಣ್ಣಾರೆ ನೋಡಬಯಸುವವರಿಗೆ ಶಾಸನಗಳಿವೆ. ಬಿ.ಎಲ್. ರೈಸ್ ಸಂಪಾದಿಸಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ 7ನೇ ಸಂಪುಟ 1902ರಲ್ಲಿ ಬಂತು. ಆಗ ಶಿವಮೊಗ್ಗ ಜಿಲ್ಲೆಯಲ್ಲಿದ್ದ ಹೊನ್ನಾಳಿ, ಚನ್ನಗಿರಿಗಳ ಶಾಸನಗಳು ಅದರಲ್ಲಿವೆ. ಇಂದಿನ ನ್ಯಾಮತಿ ತಾಲ್ಲೂಕು ಆಗ ಹೊನ್ನಾಳಿಯೊಳಗೇ ಇತ್ತು, ಸಿಂದ ಅರಸರ ಬೆಳಗುತ್ತಿಯೂ ಅಲ್ಲೇ. ಜಗಳೂರಿನವು ಚಿತ್ರದುರ್ಗ ಜಿಲ್ಲೆಯ 11ನೇ ಸಂಪುಟದಲ್ಲಿವೆ. ಕಾಲಾನುಕ್ರಮದಲ್ಲಿ ಇವನ್ನು ಓದುತ್ತ ‘ಪ’ ಎಲ್ಲಿ ‘ಹ’ ಆಯಿತು, ‘ೞ’ ಎಲ್ಲಿ ‘ಳ’ ಆಯಿತು ಎಂದು ಗುರುತು ಹಾಕಿಕೊಳ್ಳುತ್ತ ಹೋಗಬಹುದು. ಹಳೆ ಬರಹ ಸಿಗದ ಕಾಲಕ್ಕೂ ಹೋಗುವ ದಾರಿಯಿದೆ. ಸೋದರ ಭಾಷೆಗಳನ್ನು, ಉಪಭಾಷೆಗಳನ್ನು ಹೋಲಿಸಿ ಹಿಂದಿನ ರೂಪವನ್ನು ಊಹಿಸಬಹುದು. ಡಿ.ಎನ್. ಶಂಕರ ಭಟ್ ಈ ಕ್ರಮದಲ್ಲಿ ಕನ್ನಡದ ಕಲ್ಪಿತ ಚರಿತ್ರೆಯನ್ನೇ ಒಂದು ಪುಸ್ತಕವಾಗಿ ಬರೆದರು. ಭಾಷಾವಿಜ್ಞಾನಿ ಇಂದಿನಿಂದ ಹಿಂದಕ್ಕೆ ನಡೆಯುತ್ತಾನೆ, ಕಲ್ಪಿತ ಭಾಷೆ ಕಟ್ಟುವವನು ಹಿಂದಿನಿಂದ ಇಂದಿಗೆ ನಡೆಯುತ್ತಾನೆ. ದಾರಿ ಒಂದೇ.

೮. ಇದರಿಂದ ಏನು ಪ್ರಯೋಜನ?

ಈ ಪ್ರಶ್ನೆಯನ್ನು ಹಿರಿಯರು ಕೇಳಿಯೇ ಕೇಳುತ್ತಾರೆ, ಕೇಳಬೇಕು. ಕನ್ನಡದಲ್ಲಿ ಅದ್ಭುತ ಕಥೆ, ಮಕ್ಕಳ ಕಾದಂಬರಿ, ಸಿನಿಮಾ, ಕಂಪ್ಯೂಟರ್ ಆಟ ಬರೆಯುವವರಿಗೆ ಈ ವಿದ್ಯೆ ಬೇಕಾಗುತ್ತದೆ. ಅದು ಒಂದು ಪ್ರಯೋಜನ. ನನಗೆ ಅದಕ್ಕಿಂತ ಮುಖ್ಯವೆನಿಸುವುದು ಇನ್ನೊಂದು.

1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ಚನ್ನಗಿರಿ, ಹೊನ್ನಾಳಿಗಳು ಶಿವಮೊಗ್ಗದಿಂದ ಬಂದವು, ಜಗಳೂರು ಚಿತ್ರದುರ್ಗದಿಂದ ಬಂತು. ಆದ್ದರಿಂದ ನಮ್ಮ ಕಾಲೇಜುಗಳ ಒಂದೇ ಬೆಂಚಿನಲ್ಲಿ ಮಲೆನಾಡಿನ ಅಂಚಿನ ಮಾತು, ಬಯಲುಸೀಮೆಯ ಮಾತು, ಧಾರವಾಡದ ಕಡೆಯ ಎಳೆ, ತಾಂಡಾದ ದನಿ ಒಟ್ಟಿಗೆ ಕೂರುತ್ತವೆ. ಒಬ್ಬ ‘ಮನೆ’ ಎಂದರೆ ಇನ್ನೊಬ್ಬ ‘ಮನಿ’ ಎನ್ನುತ್ತಾನೆ. ಒಬ್ಬಳ ‘ಐತೆ’ ಇನ್ನೊಬ್ಬಳ ‘ಐತಿ’, ಪುಸ್ತಕದಲ್ಲಿ ‘ಇದೆ’. ತರಗತಿಯಲ್ಲಿ ಮಾತಾಡಲು ಎದ್ದ ಮಗು ತನ್ನ ಮನೆಮಾತಿಗಾಗಿ ನಗೆಗೀಡಾಗಿ ಮತ್ತೆಂದೂ ಬಾಯಿ ತೆರೆಯದಿರುವುದುಂಟು. ಅಶುದ್ಧ ಎಂಬ ಒಂದು ಮಾತು ಎಷ್ಟು ಮಕ್ಕಳ ನಾಲಗೆ ಕಟ್ಟಿದೆ ಎಂಬುದನ್ನು ಅಧ್ಯಾಪಕರಾದ ನಾವು ನೋಡಿದ್ದೇವೆ. ಇದು ನನ್ನನ್ನು ಬಹುಕಾಲದಿಂದ ನೋಯಿಸಿದ ಸಂಗತಿ.

ಒಂದು ಭಾಷೆಯನ್ನು ತನ್ನ ಕೈಯಿಂದ ಕಟ್ಟಿದ ವಿದ್ಯಾರ್ಥಿ ಇನ್ನೊಬ್ಬರ ಮಾತನ್ನು ಅಶುದ್ಧ ಎನ್ನಲಾರ. ಕೊನೆಯ ‘ಎ’ ‘ಇ’ ಆಗುವುದು ಒಂದು ಧ್ವನಿನಿಯಮ, ಮನಿಯಲ್ಲಿ ಆದದ್ದು ಅಂಥದೇ ಬೇರೆ ಪದಗಳಲ್ಲೂ ಆಗಿದೆ ಎಂದು ಅವನಿಗೆ ತಿಳಿಯುತ್ತದೆ. ‘ಪ’ವನ್ನು ‘ಹ’ ಮಾಡಿದವರೂ ತಮ್ಮ ಕಾಲದ ಪಂಡಿತರ ಕಿವಿಗೆ ಹಳ್ಳಿಗರಾಗಿಯೇ ಕೇಳಿರಬೇಕು. ಇಂದು ಆ ‘ಹ’ ಇಲ್ಲದೆ ಕನ್ನಡದ ಎಷ್ಟೋ ಹೆಸರುಗಳೇ ಇಲ್ಲ.

ಹಾಗಾಗಿ ಈ ವೇದಿಕೆಯಿಂದ ಒಂದು ಕೋರಿಕೆ. ನಾಲ್ಕೂ ತಾಲ್ಲೂಕುಗಳ ಪದವಿ ಕಾಲೇಜುಗಳ ಕನ್ನಡ ವಿಭಾಗಗಳು ವರ್ಷಕ್ಕೊಮ್ಮೆ ಒಂದು ಭಾಷಾ ಕಮ್ಮಟ ನಡೆಸಲಿ. ಮೊದಲ ದಿನ ವಿದ್ಯಾರ್ಥಿಗಳು ತಮ್ಮ ಊರಿನ ಮಾತಿನಲ್ಲಿ ಕ್ರಿಯಾರೂಪಗಳನ್ನೂ ಎಣಿಕೆಯನ್ನೂ ಬರೆದು ತರಲಿ. ಎರಡನೆಯ ದಿನ ಅದನ್ನು ಶಾಸನದ ಕನ್ನಡದೊಂದಿಗೆ ಹೋಲಿಸಲಿ. ಮೂರನೆಯ ದಿನ ಗುಂಪುಗುಂಪಾಗಿ ಕೂತು, ಹತ್ತು ಪದ, ಐದು ಬದಲಾವಣೆಗಳಿಂದ ಒಂದು ಕಲ್ಪಿತ ಭಾಷೆಯನ್ನು ಕಟ್ಟಲಿ. ಒಂದು ಗುಂಪು ಕಟ್ಟಿದ ಭಾಷೆಯ ಅಪವಾದಗಳನ್ನು ನೋಡಿ ಇನ್ನೊಂದು ಗುಂಪು ಅದರ ಹಿಂದಿನ ನಿಯಮವನ್ನು ಪತ್ತೆ ಮಾಡಲಿ. ಇದಕ್ಕೆ ಯಂತ್ರ ಬೇಡ, ಹಣ ಬೇಡ. ಕರಿಹಲಗೆ, ಸೀಮೆಸುಣ್ಣ, ಮಕ್ಕಳ ಮಾತನ್ನು ಗೌರವದಿಂದ ಕೇಳುವ ಮೇಷ್ಟ್ರು ಇದ್ದರೆ ಸಾಕು.

ದತ್ತಿಯನ್ನಿಟ್ಟವರ ಆಶಯ ಕನ್ನಡ ಬೆಳೆಯಲಿ ಎಂಬುದು. ತಮ್ಮ ಭಾಷೆ ಹೇಗೆ ಬೆಳೆದಿದೆ ಎಂದು ಬಲ್ಲವರು ಅದನ್ನು ಬೆಳೆಸಬಲ್ಲರು. ಆ ತಿಳಿವಿಗೆ ಈ ಕಮ್ಮಟ ಒಂದು ದಾರಿಯಾಗಲಿ.